ಒಂದೇ ಓಣಿ, ಎರಡು ಲೆಕ್ಕ: ಮುಂಬೈ ಉಪನಗರದ ಒಂದು ಲಾಕ್‌ಡೌನ್ ಪ್ರಕರಣ

2020ರ ಜೂನ್ 7, ಭಾನುವಾರ. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಓಣಿಯಲ್ಲಿ ಬಿದಿರು ಕಟ್ಟಿದರು. ನಾನು ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಚಹಾದ ಲೋಟ ಹಿಡಿದು ನೋಡುತ್ತಿದ್ದೆ. ಪಾಲಿಕೆಯವರು ಒಬ್ಬರು, ಪೊಲೀಸರು ಇಬ್ಬರು, ಪೆಂಡಾಲ್ ಹಾಕುವ ಹುಡುಗರು ನಾಲ್ವರು. ಗಣಪತಿ ಹಬ್ಬಕ್ಕೆ ನಮ್ಮಲ್ಲಿ ಮಂಟಪ ಕಟ್ಟುವುದೂ ಇದೇ ಹುಡುಗರೇ. ಇಪ್ಪತ್ತು ನಿಮಿಷದೊಳಗೆ ಎದುರಿನ ಚಾಳಿನ, ಅಂದರೆ ಒಂದೊಂದು ಕೋಣೆಯ ಮನೆಗಳ ವಠಾರದ, ಬಾಯಿ ಮುಚ್ಚಿ ಹೋಯಿತು. ಹಿಂದಿನ ದಿನ ಅಲ್ಲಿ ಒಂದು ಕೊರೊನಾ ಕೇಸು ಬಂದಿತ್ತು. ಒಳಗಿನಿಂದ ಒಬ್ಬ ಹೆಂಗಸು ಜೋರಾಗಿ ಕೇಳಿದಳು: "ಯಾವಾಗ ಬಿಚ್ತೀರ್ರಿ?" ಕನ್ನಡದಲ್ಲಿ ಕೇಳಿದ್ದು. ಕಟ್ಟುತ್ತಿದ್ದವರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು, ಆದರೆ ನನಗೂ ಉತ್ತರ ಗೊತ್ತಿರಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಗಲು 43 ದಿನ ಬೇಕಾಯಿತು. ಅಷ್ಟೂ ದಿನ ಆ ಓಣಿಯ ಎರಡು ಬದಿಯಲ್ಲಿ ಏನಾಯಿತು ಎನ್ನುವುದೇ ಈ ಪ್ರಕರಣ. ಆಗ ನಾನು ನಮ್ಮ ಸೊಸೈಟಿಯ ಕಾರ್ಯದರ್ಶಿ. ದಿನದಿನದ ವಿಷಯ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೆ, ಅದು ಇವತ್ತಿಗೂ ನನ್ನ ಹತ್ತಿರ ಇದೆ. ಉಪನಗರದ ಹೆಸರನ್ನು ಬೇಕಂತಲೇ ಬಿಟ್ಟಿದ್ದೇನೆ. ಜನರ ಹೆಸರೂ ಇಲ್ಲ. ಅವರೆಲ್ಲ ಇನ್ನೂ ಅಲ್ಲೇ ಇದ್ದಾರೆ, ಅಲ್ಲೇ ಬದುಕಬೇಕು.

ಓಣಿಯ ಎರಡು ಬದಿ

ಎಡಗಡೆ ಚಾಳು. ಎದುರುಬದುರಾಗಿ ಎರಡು ಸಾಲು, ಒಟ್ಟು 64 ಖೋಲಿ, ಸುಮಾರು 300 ಜನ. ಅರ್ಧಕ್ಕರ್ಧ ನಮ್ಮವರೇ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಗಂಡಸರು ಬೆಳಿಗ್ಗೆ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ರಸ್ತೆ ಕೂಡಿನಲ್ಲಿ, ನಿಂತು ಕೂಲಿ ಹಿಡಿಯುತ್ತಾರೆ, ಹೆಂಗಸರು ಸುತ್ತಲಿನ ಕಟ್ಟಡಗಳಲ್ಲಿ ಮನೆಗೆಲಸ ಮಾಡುತ್ತಾರೆ. ಬೈಂದೂರು, ಕುಂದಾಪುರ ಕಡೆಯ ಹೋಟೆಲ್ ಹುಡುಗರೂ ಕೆಲವರಿದ್ದಾರೆ. ಖೋಲಿಯೊಳಗೆ ಮೋರಿ, ಅಂದರೆ ಸ್ನಾನ ಮಾಡಿ ಪಾತ್ರೆ ತೊಳೆಯುವ ಮೂಲೆ ಇದೆ, ಸಂಡಾಸು ಇಲ್ಲ. ಸಂಡಾಸು ಇರುವುದು ಓಣಿಯ ತುದಿಯಲ್ಲಿ, ದೊಡ್ಡ ರಸ್ತೆಗೆ ಅಂಟಿಕೊಂಡು. ಗಂಡಸರಿಗೆ ಆರು, ಹೆಂಗಸರಿಗೆ ಆರು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಬಲಗಡೆ ನಮ್ಮ ಸೊಸೈಟಿ. ಏಳು ಮಹಡಿ, ಎರಡು ವಿಂಗು, 56 ಫ್ಲ್ಯಾಟು, ಸುಮಾರು 200 ಜನ. ನಾನು 1978ರಲ್ಲಿ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದವನು. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು ಸೇರಿ, ಸ್ವಯಂ ನಿವೃತ್ತಿ ತಗೊಂಡವನು. ಹನ್ನೊಂದು ವರ್ಷ ನಾನೂ ಚಾಳಿನಲ್ಲೇ ಇದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಎಡಗಡೆಯ ಬದುಕು ನನಗೆ ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ನಿಯಮ ಏನಿತ್ತು

ಮಾರ್ಚ್ 25ರಿಂದ ಇಡೀ ದೇಶ ಮುಚ್ಚಿತ್ತು. ಮೂರು ಸಲ ಮುಂದುವರಿಸಿ ಮೇ 31ರವರೆಗೆ ಎಳೆದರು. ಜೂನ್ ಮೊದಲ ವಾರದಲ್ಲಿ ಮಹಾರಾಷ್ಟ್ರದಲ್ಲಿ ‘ಮಿಷನ್ ಬಿಗಿನ್ ಅಗೇನ್’ ಶುರುವಾಯಿತು. ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಅದನ್ನು ‘ಪುನಶ್ಚ ಹರಿಓಂ’ ಅಂದರು. ಜೂನ್ 3ರಿಂದ ಬೆಳಗಿನ ನಡಿಗೆಗೆ ಬಿಟ್ಟರು, 5ರಿಂದ ಅಂಗಡಿಗಳು ತೆರೆದವು, 8ರಿಂದ ಖಾಸಗಿ ಆಫೀಸುಗಳಿಗೆ ಸ್ವಲ್ಪ ಜನ ಬರತೊಡಗಿದರು. ಆದರೆ ಕಂಟೈನ್‌ಮೆಂಟ್ ಝೋನಿಗೆ, ಅಂದರೆ ಸೋಂಕು ಬಂದು ಮುಚ್ಚಿದ ಜಾಗಕ್ಕೆ, ಈ ಯಾವ ಸಡಿಲಿಕೆಯೂ ಇರಲಿಲ್ಲ. ಅಲ್ಲಿ ಕಾಯಿಲೆ ಕಸಾಲೆ, ದಿನಸಿ ಬಿಟ್ಟರೆ ಒಳಗೂ ಇಲ್ಲ, ಹೊರಗೂ ಇಲ್ಲ.

ಮುಂಬೈಯಲ್ಲಿ ಆ ಹೊತ್ತಿಗೆ ಇನ್ನೊಂದು ಬದಲಾವಣೆ ಆಗಿತ್ತು. ಚಾಳು ಮತ್ತು ಕೊಳೆಗೇರಿಗಳು ‘ಕಂಟೈನ್‌ಮೆಂಟ್ ಝೋನ್’. ಕಟ್ಟಡಗಳು ‘ಸೀಲ್ಡ್ ಬಿಲ್ಡಿಂಗ್’. ಕಟ್ಟಡವನ್ನು ಪೂರ್ತಿ ಮುಚ್ಚಬೇಕಿಲ್ಲ, ಒಂದು ವಿಂಗು ಅಥವಾ ಒಂದು ಮಹಡಿ ಮುಚ್ಚಿದರೂ ಆಯಿತು. ಮಹಡಿಯವರು ಹೊರಗೆ ಬರದಂತೆ ನೋಡಿಕೊಳ್ಳುವುದು, ಅವರಿಗೆ ಬೇಕಾದ ಸಾಮಾನು ತಲುಪಿಸುವುದು ಸೊಸೈಟಿಯ ಕಮಿಟಿಯ ಕೆಲಸ. ಅಂದರೆ ನನ್ನ ಕೆಲಸ. ಚಾಳನ್ನು ನೋಡಿಕೊಳ್ಳುವುದು ಪೊಲೀಸರ ಕೆಲಸ.

ನಿಯಮ ಮೀರಿದರೆ ಹಾಕುತ್ತಿದ್ದದ್ದು ಆಗಿನ ದಂಡ ಸಂಹಿತೆಯ 188ನೇ ಕಲಮು. ಸರ್ಕಾರಿ ಅಧಿಕಾರಿಯ ಆದೇಶ ಮೀರಿದ್ದಕ್ಕೆ ಒಂದು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜನರ ಜೀವಕ್ಕೆ ಅಪಾಯ ಅಂತಾದರೆ ಆರು ತಿಂಗಳವರೆಗೆ, ಅಥವಾ 1,000 ರೂಪಾಯಿವರೆಗೆ, ಇಲ್ಲವೇ ಎರಡೂ. ಇದರ ಹಿಂದೆ ಇದ್ದದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಅದು ಹುಟ್ಟಿದ್ದೇ ಈ ಊರಿನ ಪ್ಲೇಗಿನಿಂದ. ಅದೇ ವರ್ಷ ಪುಣೆಯಲ್ಲಿ ಮನೆ ಮನೆಗೆ ನುಗ್ಗಿ ಪ್ಲೇಗು ಹುಡುಕಿದ ರೀತಿಗೆ ಜನ ಎಷ್ಟು ಕುದಿದಿದ್ದರೆಂದರೆ, ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ರೋಗ ತಡೆಯಲು ಬಂದವರು ಮನೆ ಬಾಗಿಲಲ್ಲಿ ಹೇಗೆ ನಿಲ್ಲುತ್ತಾರೆ ಅನ್ನುವ ಪ್ರಶ್ನೆ ಈ ನೆಲಕ್ಕೆ ಹೊಸದೇನಲ್ಲ.

ಹದಿನಾಲ್ಕು ದಿನ ಎಂಬ ಲೆಕ್ಕ

ಎರಡೂ ಕಡೆಗೆ ಒಂದೇ ಮಾತು: ಕೊನೆಯ ಕೇಸು ಬಂದು 14 ದಿನ ಆಗಬೇಕು, ಆಮೇಲೆ ತೆರೆಯುತ್ತೇವೆ. ಕೇಳುವುದಕ್ಕೆ ಸರಿಯಾಗಿಯೇ ಇದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ರಿಜಿಸ್ಟರಿನಲ್ಲಿ ತಾರೀಕು ಬರೆಯುತ್ತ ಬರೆಯುತ್ತ ನನ್ನ ಕಣ್ಣು ತೆರೆಯಿತು.

ಚಾಳಿನಲ್ಲಿ ಮೊದಲ ಕೇಸು ಜೂನ್ 6ಕ್ಕೆ, ಮೊದಲ ಸಾಲಿನಲ್ಲಿ. ಜೂನ್ 16ಕ್ಕೆ ಅದೇ ಸಾಲಿನಲ್ಲಿ ಇನ್ನೊಂದು. ಹತ್ತು ದಿನ ಕಳೆದಿತ್ತು, ಆ ಹತ್ತೂ ದಿನ ಅಳಿಸಿಹೋಯಿತು, ಮತ್ತೆ ಒಂದರಿಂದ ಎಣಿಕೆ. ಜೂನ್ 27ಕ್ಕೆ ಎರಡನೇ ಸಾಲಿನ ಒಂದೇ ಮನೆಯಲ್ಲಿ ಇಬ್ಬರು. ಹನ್ನೊಂದು ದಿನ ಹೋಯಿತು. ಜುಲೈ 5ಕ್ಕೆ ಮತ್ತೆ ಎರಡನೇ ಸಾಲಿನಲ್ಲಿ ಒಬ್ಬರು. ಜುಲೈ 19ರ ಸಂಜೆ ಬಿದಿರು ಬಿಚ್ಚಿದರು. 300 ಜನರಲ್ಲಿ ಐದು ಕೇಸು, 64 ಮನೆಗಳಿಗೂ 43 ದಿನ.

ನಮ್ಮ ಕಟ್ಟಡದಲ್ಲಿ ಜೂನ್ 12ಕ್ಕೆ ಎ ವಿಂಗಿನ ಮೂರನೇ ಮಹಡಿಯಲ್ಲಿ ಒಬ್ಬರು. 18ಕ್ಕೆ ಐದನೇ ಮಹಡಿಯಲ್ಲಿ ಗಂಡ, ಹೆಂಡತಿ, ಮಗ. 24ಕ್ಕೆ ಬಿ ವಿಂಗಿನ ಎರಡನೇ ಮಹಡಿಯಲ್ಲಿ ಇಬ್ಬರು. ಜುಲೈ 2ಕ್ಕೆ ಎ ವಿಂಗಿನ ಒಂದನೇ ಮಹಡಿಯಲ್ಲಿ ಒಬ್ಬರು. 200 ಜನರಲ್ಲಿ ಏಳು ಕೇಸು. ಪ್ರತಿ ಸಲ ಆ ಮಹಡಿಯ ನಾಲ್ಕು ಮನೆ ಮಾತ್ರ ಮುಚ್ಚಿದವು, ಹದಿನಾಲ್ಕು ದಿನ ಆಗುತ್ತಲೇ ತೆರೆದವು. ಉಳಿದ 40 ಮನೆಗಳು ಒಂದು ದಿನವೂ ಮುಚ್ಚಲಿಲ್ಲ.

ಒಂದು ಮನೆ ಒಂದು ದಿನ ಮುಚ್ಚಿದ್ದನ್ನು ಒಂದು ಅಂತ ಹಿಡಿದು ನಾನು ಕೂಡಿಸಿ ನೋಡಿದೆ. ಚಾಳಿನಲ್ಲಿ 64ನ್ನು 43ರಿಂದ ಗುಣಿಸಿದರೆ 2,752. ನಮ್ಮಲ್ಲಿ 16ನ್ನು 14ರಿಂದ ಗುಣಿಸಿದರೆ 224. ಕೇಸು ಜಾಸ್ತಿ ಬಂದದ್ದು ನಮ್ಮಲ್ಲಿ.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ಲಂಚ ತಿಂದಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸಿದ್ದಾರೆ. ತೊಂದರೆ ಇದ್ದದ್ದು ‘ಒಂದು ಜಾಗ’ ಅಂದರೆ ಎಷ್ಟು ಅನ್ನುವುದರಲ್ಲಿ. ನಮಗೆ ಒಂದು ಜಾಗ ಅಂದರೆ ನಾಲ್ಕು ಮನೆ. ಅವರಿಗೆ ಒಂದು ಜಾಗ ಅಂದರೆ 64 ಮನೆ. ನಾಲ್ಕು ಮನೆಯಲ್ಲಿ ಹದಿನಾಲ್ಕು ದಿನ ಹೊಸ ಕೇಸು ಬಾರದೆ ಇರುವುದು ಸುಲಭ. 64 ಮನೆಯಲ್ಲಿ, ಆ ಜೂನ್ ತಿಂಗಳಲ್ಲಿ, ಬಾರದೆ ಇರುವುದು ಬಹಳ ಕಷ್ಟ. ಜಾಗ ದೊಡ್ಡದಾದಷ್ಟೂ ಗಡಿಯಾರ ಮತ್ತೆ ಮತ್ತೆ ಸೊನ್ನೆಗೆ ಬರುತ್ತಲೇ ಇರುತ್ತದೆ.

ಜುಲೈ 1ಕ್ಕೆ ನಾನು, ಚಾಳಿನ ಇಬ್ಬರು ಹಿರಿಯರು ಸೇರಿ ವಾರ್ಡ್ ಆಫೀಸಿಗೆ ಒಂದು ಅರ್ಜಿ ಕೊಟ್ಟೆವು. ಮೊದಲ ಸಾಲಿನಲ್ಲಿ ಜೂನ್ 16ರ ನಂತರ ಕೇಸಿಲ್ಲ, ಸಾಲು ಬೇರೆ ಮಾಡಿ ಲೆಕ್ಕ ಹಾಕಿ, ಅವರನ್ನು ಬಿಡಿ ಅಂತ. ಅಲ್ಲಿದ್ದ ಸಾಹೇಬರು ಒಳ್ಳೆಯವರೇ, ಕೂರಿಸಿ ಮಾತಾಡಿದರು. ಪಟ್ಟಿ ತೋರಿಸಿದರು. ಪಟ್ಟಿಯಲ್ಲಿ ಚಾಳಿಗೆ ಒಂದೇ ಹೆಸರು, ಒಂದೇ ಗೆರೆ. ಅರ್ಧ ಗೆರೆ ಅಳಿಸಲು ಬರುವುದಿಲ್ಲ ಅಂದರು. ಸಾಲು ಬೇರೆ ಮಾಡಿದ್ದರೆ 32 ಮನೆಗಳು ಜೂನ್ 30ಕ್ಕೇ ಹೊರಗೆ ಬರುತ್ತಿದ್ದವು. ಹತ್ತೊಂಬತ್ತು ದಿನ ಹೋದದ್ದು ಆ ಒಂದು ಗೆರೆಯಿಂದ.

ಹಾಗಂತ ಎರಡೂ ಬದಿಗೆ ಒಂದೇ ಅಳತೆ ಇರಬೇಕಿತ್ತು ಅಂತ ನಾನು ಹೇಳುವುದಿಲ್ಲ. ಹತ್ತಡಿ ಹನ್ನೆರಡಡಿ ಖೋಲಿಯಲ್ಲಿ ಆರು ಜನ, ಹನ್ನೆರಡು ಸಂಡಾಸಿಗೆ 300 ಜನ ಅಂದಾಗ ರೋಗ ಹಬ್ಬುವ ದಾರಿ ಬೇರೆಯೇ. ಜುಲೈ ಕೊನೆಯಲ್ಲಿ ಹೊರಬಂದ ಸೀರೋ ಸಮೀಕ್ಷೆ (ಯಾರಿಗೆ ಸೋಂಕು ಬಂದು ಹೋಗಿದೆ ಅಂತ ರಕ್ತದಲ್ಲಿ ನೋಡುವ ಸಮೀಕ್ಷೆ) ಇದನ್ನೇ ತೋರಿಸಿತು. ನೀತಿ ಆಯೋಗ, ಪಾಲಿಕೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಸೇರಿ ಮುಂಬೈಯ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದ್ದವು. ಕೊಳೆಗೇರಿಗಳಲ್ಲಿ ನೂರಕ್ಕೆ 57 ಜನರಿಗೆ ಆಗಲೇ ಸೋಂಕು ತಗುಲಿ ಹೋಗಿತ್ತು. ಕಟ್ಟಡಗಳಲ್ಲಿ 16. ಚಾಳಿನ ಮೇಲೆ ಹೆಚ್ಚು ಕಣ್ಣಿಡಬೇಕು ಅನ್ನುವವರಿಗೆ ಈ ಅಂಕಿ ಬಲ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಅದೇ ಅಂಕಿ ಇನ್ನೊಂದನ್ನೂ ಹೇಳುತ್ತದೆ. ಬಿದಿರು ಕಟ್ಟಿದ್ದು ಹೊರಗೆ. ಒಳಗೆ ಅದೇ ಸಂಡಾಸು, ಅದೇ ನಲ್ಲಿ. ಅರ್ಧಕ್ಕಿಂತ ಹೆಚ್ಚು ಜನರಿಗೆ ಗೊತ್ತಿಲ್ಲದೆಯೇ ಬಂದು ಹೋದ ಕಡೆ, ಪರೀಕ್ಷೆಯಲ್ಲಿ ಸಿಕ್ಕ ಐದು ಜನರ ತಾರೀಕು ಹಿಡಿದು ದಿನ ಎಣಿಸುವುದಕ್ಕೆ ಎಷ್ಟು ಅರ್ಥ ಉಳಿಯುತ್ತದೆ?

ಇನ್ನೊಂದು ಕೆಟ್ಟ ಪರಿಣಾಮವನ್ನು ನಾನು ಊಹಿಸಿರಲಿಲ್ಲ. ಒಬ್ಬರಿಗೆ ಜ್ವರ ಬಂತು ಅಂದರೆ 64 ಮನೆಗಳಿಗೆ ಮತ್ತೆ ಹದಿನಾಲ್ಕು ದಿನ. ಹಾಗಾಗಿ ಯಾರೂ ಜ್ವರ ಹೇಳಲಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಯಾದಗಿರಿ ಕಡೆಯ ತಂಗಿ ಆಮೇಲೆ ನನಗೆ ಹೇಳಿದ್ದು ಇಷ್ಟು: "ಕೆಮ್ಮು ಬಂದ್ರ ಬಾಯಿಗಿ ಸೆರಗು ತುರುಕೊತಿದ್ವಿರಿ ಅಣ್ಣಾರ. ಯಾರರ ಕೇಳಿದ್ರಂದ್ರ ಮತ್ತ ಹದಿನಾಕ್ ದಿನ." ಜೂನ್ 27ಕ್ಕೆ ಇಬ್ಬರಿಗೆ ಬಂದ ಮನೆಯ ಮುಂದೆ ಆ ರಾತ್ರಿ ಅಕ್ಕಪಕ್ಕದವರು ಬಂದು ಬೈದರಂತೆ. ಪಾಲಿಕೆಯ ಆರೋಗ್ಯ ಸೇವಿಕೆಯರು ಮನೆ ಮನೆಗೆ ಬಂದು ಕೇಳಿದಾಗ ಎಲ್ಲರೂ ಚೆನ್ನಾಗಿದ್ದೇವೆ ಅನ್ನುತ್ತಿದ್ದರು. ರೋಗ ಹುಡುಕಲೆಂದು ಮಾಡಿದ ನಿಯಮ ರೋಗ ಮುಚ್ಚಿಡುವುದನ್ನು ಕಲಿಸಿತು. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಡಬ್ಬಿಯೇ ಪಾಸು

ಈಗ ಸಂಡಾಸಿನ ವಿಷಯ. ಬಿದಿರು ಕಟ್ಟಿದ್ದು ಚಾಳಿನ ಬಾಯಿಗೆ. ಸಂಡಾಸು ಬಿದಿರಿನ ಆಚೆ. ಮೊದಲ ದಿನ ಯಾರಿಗೂ ಇದು ಹೊಳೆಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಬಿದಿರಿನ ಮುಂದೆ ಡಬ್ಬಿ ಹಿಡಿದ ಹೆಂಗಸರ ಸಾಲು. ಕಾವಲಿಗಿದ್ದ ಹೋಂ ಗಾರ್ಡ್ ಚಿಕ್ಕ ಹುಡುಗ, ಮುಖ ಆಚೆ ತಿರುಗಿಸಿ ನಿಂತುಬಿಟ್ಟ. ಆ ಹೊತ್ತಿಗೆ ಒಂದು ಬಿದಿರನ್ನು ಮೇಲಕ್ಕೆತ್ತಿ, ಬಗ್ಗಿ ಹೋಗುವಷ್ಟು ಸಂದು ಮಾಡಿದರು. ಅಲ್ಲಿಂದ ಮುಂದೆ ಕೈಯಲ್ಲಿ ಡಬ್ಬಿ ಇದ್ದವರಿಗೆ ದಾರಿ. ಹೇಳಿ ಮಾಡಿದ್ದಲ್ಲ, ತಾನಾಗಿ ಆದ ಪದ್ಧತಿ.

ಒಂದು ವಾರದಲ್ಲಿ ಡಬ್ಬಿಯ ಜಾಗಕ್ಕೆ ಬಕೆಟು ಬಂತು. ಬಕೆಟಿನಲ್ಲಿ ಮಡಿಸಿಟ್ಟ ಅಂಗಿ, ಮೇಲೆ ಒಂದು ಟವಲು. ಸಂಡಾಸಿನ ಹಿಂದೆ ಅಂಗಿ ಬದಲಿಸಿ ಬಕೆಟನ್ನು ಅಲ್ಲೇ ಗೋಡೆಯ ಸಂದಿಯಲ್ಲಿಟ್ಟು ಕೆಲಸಕ್ಕೆ ಹೋಗುವುದು. ಸಂಜೆ ಮತ್ತೆ ಬಕೆಟು ಹಿಡಿದು ಒಳಗೆ ಬರುವುದು. ನಾನು ಬಾಲ್ಕನಿಯಿಂದ ದಿನಾ ನೋಡುತ್ತಿದ್ದೆ.

ಜೂನ್ 20ರ ಬೆಳಿಗ್ಗೆ ಮೂವರು ಸಿಕ್ಕಿಬಿದ್ದರು. ಅವರಲ್ಲಿ ಒಬ್ಬ ಬೈಂದೂರು ಕಡೆಯ ಹುಡುಗ, ಇಪ್ಪತ್ತೆರಡು ವರ್ಷ, ದೊಡ್ಡ ರಸ್ತೆಯ ಒಂದು ಹೋಟೆಲಿನ ಪಾರ್ಸೆಲ್ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ. ಅವನ ಬಕೆಟಿನಲ್ಲಿದ್ದದ್ದು ಇಸ್ತ್ರಿ ಮಾಡಿದ ನೀಲಿ ಅಂಗಿ. ಪೊಲೀಸರು ಅದನ್ನು ಬಕೆಟಿನಿಂದ ಕೋಲಿನ ತುದಿಯಲ್ಲಿ ಎತ್ತಿ ತೋರಿಸಿದರು. ಠಾಣೆಗೆ ಕರೆದುಕೊಂಡು ಹೋಗಿ, ಆಧಾರಿನ ಝೆರಾಕ್ಸ್ ತಗೊಂಡು, 188 ಹಾಕಿ, ನೋಟಿಸು ಕೊಟ್ಟು ಕಳಿಸಿದರು. ಹೋಟೆಲಿನ ಧಣಿ ಮಧ್ಯಾಹ್ನ ನನಗೆ ಫೋನು ಮಾಡಿದರು. "ಎಂತ ಮಾಡುದ್ ಮಾರಾಯ್ರೆ, ಇವ ಬರ್ಲಿಲ್ಲ ಅಂದ್ರೆ ಬೇರೆಯವ್ರನ್ ಇಟ್ಕಂಬ್ಕ್. ಅದು ಗೊತ್ತಿದ್ದೇ ಅವ ಬಂದದ್" ಅಂದರು.

ಆ ಮಾತಿನಲ್ಲೇ ಈ ಪ್ರಕರಣದ ತಿರುಳು ಇದೆ ಅಂತ ನನಗೆ ಅನಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಡೀ ಊರು ಮುಚ್ಚಿತ್ತು. ಕಷ್ಟ ಬಹಳ ಇತ್ತು, ಆದರೆ ಯಾರ ಕೆಲಸವನ್ನೂ ಇನ್ನೊಬ್ಬರು ತಗೊಳ್ಳುವ ಹಾಗಿರಲಿಲ್ಲ. ಜೂನಿನಲ್ಲಿ ಊರು ತೆರೆಯಿತು, ಒಂದೊಂದು ಓಣಿ ಮಾತ್ರ ಮುಚ್ಚಿತು. ಆಗ ಮುಚ್ಚಿದ ಓಣಿಯವರ ಕೆಲಸ ತೆರೆದ ಓಣಿಯವರ ಪಾಲಾಯಿತು. ನಮ್ಮ ಮನೆಗೆ ಬರುತ್ತಿದ್ದ ತಂಗಿಗೆ ನಾಲ್ಕು ಮನೆ ಇದ್ದವು. ಮೇ ತಿಂಗಳಿಡೀ ನಾಲ್ಕೂ ಮನೆಯವರು ಅವಳಿಗಾಗಿ ಕಾದರು. ಜೂನ್ ಕೊನೆಗೆ ಎರಡು ಮನೆಯವರು ಬೇರೆ ಓಣಿಯ ಹೆಂಗಸರನ್ನು ಇಟ್ಟುಕೊಂಡಿದ್ದರು. ಊರೆಲ್ಲ ಸೇರಿ ಹೊತ್ತ ಭಾರ ಬೇರೆ, ಒಂದು ಓಣಿಯ ತಲೆಗೆ ಮಾತ್ರ ಹೊರಿಸಿದ ಭಾರ ಬೇರೆ. ಸ್ಥಳೀಯ ಲಾಕ್‌ಡೌನ್ ಬಗ್ಗೆ ಮಾತಾಡುವವರು ಅದು ಕಡಿಮೆ ಜನರಿಗೆ ತೊಂದರೆ ಕೊಡುತ್ತದೆ ಅನ್ನುತ್ತಾರೆ. ನಿಜ. ಆದರೆ ಆ ಕಡಿಮೆ ಜನರಿಗೆ ಕೊಡುವ ತೊಂದರೆ ಜಾಸ್ತಿ ಆಳ. ಹಾಗಿದ್ದರೆ ಅವರ ಕೂಲಿ ತುಂಬಿಕೊಡುವ ಹೊಣೆಯನ್ನು ಊರು ಹೊರಬೇಕಲ್ಲವೇ? ಉಳಿದವರೆಲ್ಲ ಹೊರಗೆ ಓಡಾಡಲಿ ಅಂತ ತಾನೇ ಅವರನ್ನು ಒಳಗಿಟ್ಟದ್ದು?

ಊಟದ ಏರ್ಪಾಡೇ ಇರಲಿಲ್ಲ ಅಂತಲ್ಲ. ನಮ್ಮ ಕನ್ನಡ ಸಂಘದಿಂದ ಎರಡು ಸಲ 64 ಕಿಟ್ ಕೊಟ್ಟೆವು. ಐದು ಕಿಲೋ ಅಕ್ಕಿ, ತೊಗರಿಬೇಳೆ, ಎಣ್ಣೆ, ಉಪ್ಪು, ಸಾಬೂನು. ಎರಡನೇ ಸಲ ಬಿದಿರಿನಾಚೆಯಿಂದ ಒಬ್ಬ ಅಜ್ಜಿ "ಜ್ವಾಳದ ಹಿಟ್ಟು ಸಿಗಂಗಿಲ್ಲೇನ್ರಿ?" ಅಂತ ಕೇಳಿದಳು. ನಾವು ಕರಾವಳಿಯವರು, ಅಕ್ಕಿ ಅಂದರೆ ಊಟ ಅಂದುಕೊಂಡಿದ್ದೆವು. ಕೊಡುವ ಮೊದಲು ಕೇಳಬೇಕು ಅನ್ನುವುದು ನಮಗೇ ತೋಚಿರಲಿಲ್ಲ.

ನಮ್ಮ ಕಡೆಯ ಕಾವಲು

ಬೈಂದೂರಿನ ಹುಡುಗ ಸಿಕ್ಕಿಬಿದ್ದ ವಾರವೇ ನಮ್ಮ ಐದನೇ ಮಹಡಿ ಸೀಲ್ ಆಗಿತ್ತು. ಆ ಮಹಡಿಯ ಒಬ್ಬರು ರಾತ್ರಿ ಹನ್ನೊಂದಕ್ಕೆ ಲಿಫ್ಟಿನಲ್ಲಿ ಇಳಿದು ಕಾಂಪೌಂಡಿನಲ್ಲಿ ಅರ್ಧ ಗಂಟೆ ನಡೆಯುತ್ತಿದ್ದರು. ವಾಚ್‌ಮನ್ ಬಂದು ನನಗೆ ಹೇಳಿದ. ಅವನು ಮಾಸ್ಕಿನ ಮೇಲೆ ಕರ್ಚೀಫು ಕಟ್ಟಿಕೊಂಡಿದ್ದ, ಅವನಿಗೆ ಭಯ. ನಾನು ಮಾಡಿದ್ದು ಏನು? ವಾಟ್ಸಾಪ್ ಗ್ರೂಪಿನಲ್ಲಿ ಯಾರ ಹೆಸರೂ ಇಲ್ಲದೆ ಒಂದು ಮೆಸೇಜು: ಸೀಲ್ ಆದ ಮಹಡಿಯವರು ದಯವಿಟ್ಟು ಸಹಕರಿಸಿ. ಅವರು ಮೂರು ದಿನ ಬಿಟ್ಟು ಮತ್ತೆ ನಡೆದರು. ನಾನು ಠಾಣೆಗೆ ಫೋನು ಮಾಡಲಿಲ್ಲ, ವಾರ್ಡ್ ಆಫೀಸಿಗೂ ಹೇಳಲಿಲ್ಲ.

ಬೈಂದೂರಿನ ಹುಡುಗನಿಗೆ ಸೋಂಕು ಇರಲಿಲ್ಲ, ಅವನ ಖೋಲಿಯಲ್ಲೂ ಯಾರಿಗೂ ಇರಲಿಲ್ಲ. ರಾತ್ರಿ ನಡೆಯುತ್ತಿದ್ದ ನಮ್ಮ ಕಟ್ಟಡದವರ ಪಕ್ಕದ ಬಾಗಿಲಲ್ಲೇ ಮೂವರಿಗಿತ್ತು. ಹುಡುಗನ ಮೇಲೆ ಕೇಸು, ನಮ್ಮವರಿಗೆ ದಯವಿಟ್ಟು. ಎರಡೂ ಒಂದೇ ಆದೇಶದ ಕೆಳಗೆ. ಒಂದು ಕಡೆ ಕಾವಲಿಗೆ ಪರಿಚಯದವನು, ಇನ್ನೊಂದು ಕಡೆ ಕೋಲು ಹಿಡಿದವನು, ಅಷ್ಟೇ ವ್ಯತ್ಯಾಸ. ಆ ಪರಿಚಯದವನು ನಾನು. ನನ್ನ ತಪ್ಪನ್ನು ಇಲ್ಲಿ ಬರೆಯದೆ ಪೊಲೀಸರದ್ದು ಮಾತ್ರ ಬರೆದರೆ ಈ ಪ್ರಕರಣ ಅರ್ಧವಾಗುತ್ತದೆ.

ಚಾಳಿನಲ್ಲೂ ಅವರದೇ ಐದಾರು ಜನರಿಗೆ ಆ ಕೆಲಸ ಕೊಡಬಹುದಿತ್ತು. ಸಂದಿನ ಬಳಿ ಒಂದು ಪುಸ್ತಕ, ಸಂಡಾಸಿಗೆ ಸಾಲುವಾರು ಹೊತ್ತು, ಯಾರಿಗೆ ತೀರಾ ಅವಸರವೋ ಅವರ ಹೆಸರು. ಅಲ್ಲಿ ಹತ್ತನೇ ಕ್ಲಾಸು ಓದಿದ ಹೆಣ್ಣುಮಕ್ಕಳಿದ್ದಾರೆ, ಭಜನೆ ಮಂಡಳಿ ನಡೆಸುವವರಿದ್ದಾರೆ, ಲೆಕ್ಕ ಇಡಲು ಬರುತ್ತದೆ. ಯಾರೂ ಕೇಳಲೇ ಇಲ್ಲ.

ಎರಡು ಕಿಲೋಮೀಟರ್

ಇದೇ 43 ದಿನಗಳ ನಡುವೆ ಇನ್ನೊಂದು ಸ್ಥಳೀಯ ನಿಯಮ ಬಂತು. ಜೂನ್ 28, ಭಾನುವಾರ. ಅಂಗಡಿ, ವ್ಯಾಯಾಮ ಅಂತೆಲ್ಲ ಮನೆಯಿಂದ ಎರಡು ಕಿಲೋಮೀಟರ್ ಮೀರಿ ಹೋಗಬಾರದು ಅಂತ ಮುಂಬೈ ಪೊಲೀಸರು ಹೇಳಿದರು. ಆಫೀಸು, ಆಸ್ಪತ್ರೆಗೆ ವಿನಾಯಿತಿ ಇತ್ತು. ಊರೆಲ್ಲ ನಾಕಾಬಂದಿ, ಸಾವಿರಾರು ಗಾಡಿಗಳು ಜಪ್ತಿ. ನಮ್ಮ ಸೊಸೈಟಿಯ ಮೂರು ಕಾರು ಹೋದವು. ಹೋಟೆಲಿನ ಧಣಿ ತರಕಾರಿ ತರಲು ಹೋಗಿದ್ದ ಸ್ಕೂಟರೂ ಹೋಯಿತು.

ಆ ದಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನೂರಕ್ಕೂ ಹೆಚ್ಚು ಮೆಸೇಜು. ಎರಡು ಕಿಲೋಮೀಟರ್ ಅಂತ ಯಾರು ಅಳೆದರು, ಎಲ್ಲಿಂದ ಅಳೆಯುವುದು, ಮನುಷ್ಯನಿಗೆ ಹಕ್ಕು ಅನ್ನುವುದು ಇಲ್ಲವೇ? ಪ್ರಶ್ನೆಗಳೆಲ್ಲ ಸರಿಯಾದವೇ. ಒಬ್ಬರು ಟ್ವಿಟರಿನಲ್ಲಿ ಬರೆದರು, ಇನ್ನೊಬ್ಬರು ಪರಿಚಯದ ಪತ್ರಕರ್ತರಿಗೆ ಫೋನು ಹಚ್ಚಿದರು. ಊರಿನ ಇಂಥ ಸಾವಿರ ಗ್ರೂಪುಗಳಲ್ಲಿ ಇದೇ ನಡೆದಿರಬೇಕು. ವಾರ ತುಂಬುವ ಮೊದಲೇ ಸರ್ಕಾರ ಆ ಎರಡು ಕಿಲೋಮೀಟರ್ ಮಿತಿಯನ್ನು ತೆಗೆದುಹಾಕಿತು.

ನಾನು ಅದೇ ಗ್ರೂಪನ್ನು ಮೇಲಕ್ಕೆ ಸರಿಸಿ ಜೂನ್ 7ರ ದಿನಕ್ಕೆ ಹೋಗಿ ನೋಡಿದೆ. ಚಾಳಿಗೆ ಬಿದಿರು ಕಟ್ಟಿದ ದಿನ ಬಂದಿದ್ದ ಮೆಸೇಜು ಒಂದೇ: "ಒಳ್ಳೆಯದಾಯಿತು." ಕೆಳಗೆ ಹನ್ನೊಂದು ಹೆಬ್ಬೆರಳು. ಅದರಲ್ಲಿ ಒಂದು ನನ್ನದು.

ಆಮೇಲೆ

ಬಿದಿರು ಬಿಚ್ಚಿದ ಮಾರನೆಯ ದಿನ ಆ ತಂಗಿ ನಮ್ಮ ಗೇಟಿಗೆ ಬಂದಳು. ವಾಚ್‌ಮನ್ ಬಿಡಲಿಲ್ಲ. ಚಾಳಿನವರನ್ನು ಇನ್ನೂ ಹದಿನೈದು ದಿನ ಒಳಗೆ ಬಿಡಬಾರದು ಅಂತ ನಮ್ಮ ಕಮಿಟಿ ತೀರ್ಮಾನ ಮಾಡಿತ್ತು. ಸರ್ಕಾರದ ಯಾವ ಆದೇಶದಲ್ಲೂ ಇಲ್ಲದ ನಿಯಮ. ಸೊಸೈಟಿಗಳು ತಮ್ಮದೇ ಕಾನೂನು ಮಾಡಬಾರದು ಅಂತ ಸಹಕಾರ ಇಲಾಖೆಯಿಂದ ಆಗಲೇ ಸೂಚನೆ ಬಂದಿತ್ತು. ನಾನು ಅದನ್ನು ಓದಿ ಹೇಳಿದೆ, ಏಳು ಜನರ ಕಮಿಟಿಯಲ್ಲಿ ನನ್ನ ಪರ ಎರಡೇ ಕೈ ಎದ್ದವು. 43 ದಿನ ಹೀಗೆ 58 ಆಯಿತು. "ಅಲ್ಲಿ ಬಿಚ್ಚಿದ್ರಂತ ಬಂದ್ರ ಇಲ್ಲಿ ಕಟ್ಟೀರೇನ್ರಿ ಅಕ್ಕಾರ" ಅಂತ ಗೇಟಿನಾಚೆಯಿಂದ ನನ್ನ ಹೆಂಡತಿಗೆ ಹೇಳಿ ಹೋದಳು. ಕೋಪದಲ್ಲಿ ಹೇಳಿದ್ದಲ್ಲ, ಸುಮ್ನೆ ಹೇಳಿದ್ದು.

ಬೈಂದೂರಿನ ಹುಡುಗ 2022ರ ಆರಂಭದಲ್ಲಿ ಕುವೈತಿನ ಒಂದು ಹೋಟೆಲಿಗೆ ಹೋಗಲು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ. ಪೊಲೀಸ್ ವೆರಿಫಿಕೇಶನ್ನಿನಲ್ಲಿ 188 ಎದ್ದು ಬಂತು. ಅದೇ ಮಾರ್ಚಿನಲ್ಲಿ ಲಾಕ್‌ಡೌನ್ ಕಾಲದ 188ರ ಕೇಸುಗಳನ್ನು ಹಿಂತೆಗೆದುಕೊಳ್ಳುವುದಾಗಿ ರಾಜ್ಯ ಸರ್ಕಾರ ಹೇಳಿತು. ಹೇಳಿದ್ದು ಕಾಗದಕ್ಕೆ ಇಳಿದು, ಅವನ ಠಾಣೆಗೆ ಬಂದು, ಅವನ ಹೆಸರಿನ ಮುಂದೆ ಗುರುತು ಬೀಳುವ ಹೊತ್ತಿಗೆ ವರ್ಷ ಮುಗಿಯುತ್ತ ಬಂದಿತ್ತು. ಕುವೈತಿನ ಕೆಲಸ ಬೇರೆಯವನಿಗೆ ಹೋಗಿತ್ತು. ಅವನು ಇನ್ನೂ ಅದೇ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ.

ಇನ್ನು 2021ರ ಏಪ್ರಿಲ್. ಎರಡನೇ ಅಲೆಯಲ್ಲಿ ಮುಂಬೈಯ ಹೆಚ್ಚಿನ ಕೇಸುಗಳು ಕಟ್ಟಡಗಳಲ್ಲೇ ಬಂದವು. ಈ ಸಲ ರಾಜ್ಯದ ಆದೇಶ ಬೇರೆ ಇತ್ತು. ಐದಕ್ಕಿಂತ ಹೆಚ್ಚು ಕೇಸಿರುವ ಸೊಸೈಟಿ ಪೂರ್ತಿ ಮೈಕ್ರೋ ಕಂಟೈನ್‌ಮೆಂಟ್ ಝೋನ್. ಗೇಟಿಗೆ ಬೋರ್ಡು ಹಾಕಬೇಕು, ಹೊರಗಿನವರನ್ನು ಬಿಡಬಾರದು. ತಪ್ಪಿದರೆ ಮೊದಲ ಸಲ 10,000 ರೂಪಾಯಿ, ಆಮೇಲೆ 20,000 ರೂಪಾಯಿ ದಂಡ. ನಮ್ಮಲ್ಲಿ ಮೂರು ಮನೆಗಳಲ್ಲಿ ಆರು ಕೇಸು ಬಂದವು. ಬೋರ್ಡು ಬಿತ್ತು.

ಎರಡನೇ ದಿನಕ್ಕೇ ಒಬ್ಬ ಸದಸ್ಯರಿಂದ ನನಗೆ ಪತ್ರ: ಮೂರು ಮನೆಗೆ ಬಂದ ಕಾಯಿಲೆಗೆ 56 ಮನೆ ಯಾಕೆ ಮುಚ್ಚಬೇಕು? ಹಿಂದಿನ ವರ್ಷ ರಾತ್ರಿ ಹನ್ನೊಂದಕ್ಕೆ ಕಾಂಪೌಂಡಿನಲ್ಲಿ ನಡೆದವರೇ ಅವರು. ಅವರ ಪ್ರಶ್ನೆ ನ್ಯಾಯವಾದದ್ದು. ನಾನು ಝೂಮ್ ಮೀಟಿಂಗಿನಲ್ಲಿ ಅದನ್ನು ಓದಿದೆ. ಆಮೇಲೆ 2020ರ ರಿಜಿಸ್ಟರು ತೆರೆದು ಜೂನ್ 6, 16, 27, ಜುಲೈ 5, ಜುಲೈ 19 ಅಂತ ಚಾಳಿನ ತಾರೀಕುಗಳನ್ನು ಒಂದೊಂದಾಗಿ ಓದಿದೆ. ನಮ್ಮ ಮಹಡಿಗಳ ತಾರೀಕನ್ನೂ ಓದಿದೆ. 2,752, 224 ಅನ್ನುವ ಎರಡು ಅಂಕಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮೈಕು ಆನ್ ಮಾಡಲಿಲ್ಲ.

ಆ ಮೀಟಿಂಗಿನಲ್ಲಿ ಒಂದು ಠರಾವು ಇಟ್ಟೆ. ನಮ್ಮ ಕಟ್ಟಡ ಮುಚ್ಚಲಿ, ಎದುರಿನ ಚಾಳು ಮುಚ್ಚಲಿ, ಮುಚ್ಚಿದಷ್ಟು ದಿನವೂ ಕೆಲಸದವರ ಸಂಬಳ ನಿಲ್ಲಿಸುವಂತಿಲ್ಲ, ಅವರ ಕೆಲಸವನ್ನು ಬೇರೆಯವರಿಗೆ ಕೊಡುವಂತಿಲ್ಲ. ಮುಚ್ಚುವ ದಿನವೇ ಗೇಟಿನಲ್ಲಿ ತೆರೆಯುವ ತಾರೀಕು, ಕೇಳಬೇಕಾದವರ ಹೆಸರು, ಫೋನು ನಂಬರು ಬರೆದು ಹಾಕಬೇಕು, ಮರಾಠಿಯಲ್ಲೂ ಕನ್ನಡದಲ್ಲೂ. 56 ಮನೆಗಳಲ್ಲಿ ಅವತ್ತು 19 ಜನ ಒಪ್ಪಿದರು. ನಮ್ಮ ಮನೆಗೆ ಬರುತ್ತಿದ್ದ ತಂಗಿಯನ್ನು ಕೈಬಿಟ್ಟಿದ್ದ ಎರಡು ಮನೆಗಳಲ್ಲಿ ಒಂದು ಆ ಹತ್ತೊಂಬತ್ತರಲ್ಲಿ ಇತ್ತು. ಮೇ ತಿಂಗಳಲ್ಲಿ ಅವಳನ್ನು ಅವರು ವಾಪಸು ಕರೆದರು.

ಠರಾವು ಬಹುಮತ ಇಲ್ಲದೆ ಬಿದ್ದುಹೋಯಿತು. ಒಪ್ಪಿದ 19 ಮನೆಯವರು ಅದನ್ನು ಪಾಲಿಸುತ್ತಿದ್ದಾರೆ. ರಿಜಿಸ್ಟರಿನ ಆ ಪುಟದಲ್ಲಿ ಅವರ ಸಹಿ ಇದೆ, ಕೆಳಗೆ 37 ಖಾಲಿ ಗೆರೆ ಎಳೆದು ಬಿಟ್ಟಿದ್ದೇನೆ. ಕಳೆದ ದೀಪಾವಳಿಗೆ ಇಪ್ಪತ್ತನೇ ಸಹಿ ಬಿತ್ತು.